ಮನೆತನದ ಕಾಯಿಲೆ ಎಂಬ ಮಾತು



ನಾನು ವೈದ್ಯನಲ್ಲ, ಮೇಷ್ಟ್ರೂ ಅಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿ, ಮೂವತ್ತೆಂಟು ವರ್ಷ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ಊರು ಮಡಕಶಿರಾ ಸೀಮೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷ್. ತಮ್ಮಲ್ಲಿ ಬಹಳ ಮಂದಿಯ ಬಾಳೂ ಹೀಗೇ ನಡೆದಿದೆ. ಇಂಥವನು ಪಿತ್ತಜನಕಾಂಗದ ಕ್ಯಾನ್ಸರ್ ಬಗ್ಗೆ ಏನು ಮಾತಾಡಿಯಾನು ಎಂದು ತಮಗೆ ಅನ್ನಿಸಬಹುದು. ಈ ವಿಷಯವನ್ನು ನಾನು ಕುತೂಹಲಕ್ಕಾಗಿ ಓದಿದವನಲ್ಲ. ಅದು ನಮ್ಮ ಮನೆಯೊಳಗೇ ಬಂದು ಕೂತಿತ್ತು. ಆದ್ದರಿಂದ ಕಲಿಯಬೇಕಾಯಿತು.

ಪಿತ್ತಜನಕಾಂಗ ಎಂದರೆ ಲಿವರ್. ಮಾಂಸದಂಗಡಿಯಲ್ಲಿ ತೆಲುಗಿನವರು ಕಾರ್ಜಂ ಎನ್ನುವುದು ಅದನ್ನೇ. ಬಲಗಡೆ ಪಕ್ಕೆಲುಬಿನ ಒಳಗೆ ಅಡಗಿ ಕೂತು, ಸದ್ದಿಲ್ಲದೆ ದುಡಿಯುವ ಅಂಗ. ಅದರ ಮುಕ್ಕಾಲು ಪಾಲು ಕೆಡುವವರೆಗೂ ಒಡೆಯನಿಗೆ ತಿಳಿಯುವುದಿಲ್ಲ.

ನಾವು ನಾಲ್ವರು ಒಡಹುಟ್ಟಿದವರು. ಅಣ್ಣ, ನಾನು, ತಂಗಿ, ಕೊನೆಯವನು ತಮ್ಮ. ಅಣ್ಣ ಹೊಲ ನೋಡಿಕೊಂಡಿದ್ದ. 1997ರಲ್ಲಿ, ಕಡಲೆಕಾಯಿ ಕೀಳುವ ಕಾಲದಲ್ಲಿ, ಬಲಗಡೆ ಪಕ್ಕೆಯಲ್ಲಿ ಏನೋ ಭಾರ ಎಂದ. ತಿಂಗಳೊಳಗೆ ಪಂಚೆ ನಿಲ್ಲದ ಹಾಗೆ ಸೊಂಟ ಇಳಿಯಿತು, ಹೊಟ್ಟೆ ಮಾತ್ರ ಉಬ್ಬಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಲಿವರ್ ಕ್ಯಾನ್ಸರ್, ಕೈ ಮೀರಿದೆ ಎಂದರು. ಆಗ ಅವನಿಗೆ ನಲವತ್ತೈದು ವರ್ಷ.

ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಗುಟ್ಟಾಗಿ ಕುಡಿಯುತ್ತಿದ್ದಿರಬೇಕು. ನಮ್ಮಣ್ಣ ಸಾರಾಯಿ ಅಂಗಡಿಯ ಮೆಟ್ಟಿಲು ತುಳಿದವನಲ್ಲ. ಆದರೆ ಹತ್ತು ಮಂದಿ ಹೇಳಿದ್ದನ್ನು ಕೇಳಿ ಕೇಳಿ ನನಗೂ ಅನುಮಾನ ಬಂತು. ಒಂದು ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು, ಮೆಲ್ಲಗೆ, "ನಿಜ ಹೇಳಣ್ಣ, ಯಾವಾಗಾದರೂ ಕುಡೀತಿದ್ದೆಯಾ?" ಎಂದು ಕೇಳಿಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಗೋಡೆಯ ಕಡೆ ತಿರುಗಿ, "ನೀನೂ ಕೇಳ್ತೀಯಾ?" ಎಂದ. ಅಷ್ಟೇ. ಆ ಮೇಲೆ ಹದಿನೆಂಟು ದಿನ ಇದ್ದ.

ಅಲ್ಲಿನ ಒಬ್ಬ ಕಿರಿಯ ವೈದ್ಯರು ಅಣ್ಣನ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ ಇದೆ ಎಂದು ತೋರಿಸಿ, ಮನೆಯವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಫಲಿತಾಂಶ ಹೀಗೆ ಬಂತು. ಅಮ್ಮನಲ್ಲಿ ವೈರಸ್ ಇತ್ತು. ತಂಗಿಯಲ್ಲಿ ಇತ್ತು. ತಂಗಿಯ ಹತ್ತು ವರ್ಷದ ಮಗಳಲ್ಲೂ ಇತ್ತು. ನನ್ನ ರಕ್ತದಲ್ಲಿ ವೈರಸ್ ಇರಲಿಲ್ಲ, ಅದು ಬಂದು ಹೋದ ಗುರುತು ಮಾತ್ರ ಇತ್ತು. ಅಂದರೆ ನನಗೂ ಒಂದು ಕಾಲದಲ್ಲಿ ಅಂಟಿತ್ತು, ನನ್ನ ಮೈ ಅದನ್ನು ಹೊರಗೆ ಹಾಕಿತ್ತು. ಕಾಗದದಲ್ಲಿ 'ಪಾಸಿಟಿವ್' ಎಂದು ಬಂದವರಿಗೆ ಕಾಯಿಲೆ ಎಂದು ಅಮ್ಮನಿಗೆ ತಿಳಿಸಿ ಹೇಳಲು ಒಂದು ದಿನ ಬೇಕಾಯಿತು. ಬ್ಯಾಂಕಿನಲ್ಲಿ ಜಮಾ ಆದರೆ ಒಳ್ಳೆಯದಲ್ಲವೇನಪ್ಪ ಎಂದು ಕೇಳಿದಳು.

ತಮ್ಮ ಮಾತ್ರ ಪರೀಕ್ಷೆಗೆ ಬರಲಿಲ್ಲ. "ಅಪ್ಪನ ಕಡೆಯದೋ ಅಮ್ಮನ ಕಡೆಯದೋ, ಇದು ಮನೆತನದ ಕಾಯಿಲೆ. ಅಣ್ಣನಿಗೆ ಬಂತು, ನನಗೂ ಬರಬೇಕು ಅಂತಿದ್ದರೆ ಬರುತ್ತೆ. ತಿಳ್ಕೊಂಡು ಏನು ಮಾಡಲಿ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ನನ್ನನ್ನೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ಒಂದೇ ತಾಯಿ, ಒಂದೇ ಮುದ್ದೆ, ಒಂದೇ ಬಾವಿಯ ನೀರು. ಅಣ್ಣನನ್ನು ಕೊಂದದ್ದು ನನ್ನನ್ನು ಏಕೆ ಬಿಟ್ಟಿತು? ಹುಟ್ಟಿನಿಂದಲೇ ನಮ್ಮೊಳಗೆ ಏನೋ ವ್ಯತ್ಯಾಸ ಇರಬೇಕಲ್ಲ?

ಇದೇ ಪ್ರಶ್ನೆಯನ್ನು ಹಿಡಿದು ಹೊರಟ ಒಬ್ಬರು ಈ ವೈರಸ್ಸನ್ನೇ ಕಂಡುಹಿಡಿದರು ಎಂದು ನನಗೆ ಆಮೇಲೆ ತಿಳಿಯಿತು. ಅಮೆರಿಕದ ಬರೂಕ್ ಬ್ಲೂಂಬರ್ಗ್ ಎಂಬ ವೈದ್ಯರು. 1950ರಲ್ಲಿ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿದ್ದರು. ನಮ್ಮ ದೇಶದಿಂದ ಕೂಲಿಗೆ ಹೋದವರ ಮಕ್ಕಳು, ಆಫ್ರಿಕದವರು, ಜಾವಾದವರು, ಚೀನಿಯರು ಅಲ್ಲಿ ಒಟ್ಟಿಗೆ ಬಾಳುತ್ತಿದ್ದರು. ಒಂದೇ ಆನೆಕಾಲು ರೋಗ ಒಬ್ಬೊಬ್ಬರನ್ನು ಒಂದೊಂದು ರೀತಿ ಹಿಡಿಯುತ್ತಿತ್ತು. ಹುಟ್ಟಿನಿಂದ ಬಂದ ಯಾವ ವ್ಯತ್ಯಾಸ ಇದಕ್ಕೆ ಕಾರಣ ಎಂದು ಅವರು ಲೋಕದ ನಾನಾ ಕಡೆಯ ಜನರ ರಕ್ತ ತರಿಸಿ ಹೋಲಿಸತೊಡಗಿದರು. ಹತ್ತಾರು ಸಲ ಬೇರೆಯವರ ರಕ್ತ ಪಡೆದ ರೋಗಿಗಳ ರಕ್ತದಲ್ಲಿ ತರತರದ ಪ್ರತಿಕಾಯಗಳು ಹುಟ್ಟಿರುತ್ತವೆ. ಅಂಥ ಒಬ್ಬರ ರಕ್ತ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದೊಂದಿಗೆ ಸೇರಿದಾಗ ಒಂದು ಗೆರೆ ಕಾಣಿಸಿತು. ಆ ವಸ್ತುವಿಗೆ 'ಆಸ್ಟ್ರೇಲಿಯಾ ಆ್ಯಂಟಿಜೆನ್' ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು.

ಈಗ ನೋಡಿ ಸ್ವಾರಸ್ಯ. ಅದು ಕೆಲವು ಮನೆತನಗಳಲ್ಲಿ ಗುಂಪುಗುಂಪಾಗಿ ಕಾಣುತ್ತಿತ್ತು. ಆದ್ದರಿಂದ ಅದು ತಾಯಿತಂದೆಯಿಂದ ಬರುವ ಒಂದು ಗುಣವೇ ಇರಬೇಕು ಎಂದು ಬ್ಲೂಂಬರ್ಗ್ ಮೊದಲು ಭಾವಿಸಿದ್ದರು. ನನ್ನ ತಮ್ಮ ಹೇಳಿದ ಮಾತೇ ಅದು! ಆದರೆ 1966ರಲ್ಲಿ, ಮೊದಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದಿದ್ದ ಒಬ್ಬ ರೋಗಿಗೆ ಎರಡನೆಯ ಪರೀಕ್ಷೆಯಲ್ಲಿ ಇದೆ ಎಂದು ಬಂತು. ಹುಟ್ಟಿನಿಂದ ಬಂದ ಗುಣವಾಗಿದ್ದರೆ ಮೊದಲ ದಿನವೇ ಇರಬೇಕಿತ್ತು, ನಡುವೆ ಎಲ್ಲಿಂದ ಬರಬೇಕು? ನೋಡಿದರೆ ಆ ರೋಗಿಗೆ ನಡುವೆ ಲಿವರ್ ಊತ ಬಂದಿತ್ತು. ಹೀಗೆ ಅದು ಗುಣವಲ್ಲ, ಅಂಟುವ ವೈರಸ್‌ನ ತುಣುಕು ಎಂದು ಗೊತ್ತಾಯಿತು. ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ಅಂಟುವುದರಿಂದ ಅದು ಮನೆತನದ್ದು ಎಂಬಂತೆ ಕಾಣುತ್ತದೆ. ಬ್ಲೂಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟಿದ ದಿನ ಜುಲೈ 28. ವಿಶ್ವ ಹೆಪಟೈಟಿಸ್ ದಿನ ಎಂದು ಆಚರಿಸುವುದು ಅದನ್ನೇ.

ಹಾಗಾದರೆ ಹುಟ್ಟಿನಿಂದ ಬರುವ ವ್ಯತ್ಯಾಸ ಎಂಬುದು ಸುಳ್ಳೆ? ಸುಳ್ಳಲ್ಲ. ಅದೂ ಇದೆ. ಅದನ್ನು ನಾನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ, ನನಗೆ ಬೇರೆ ಭಾಷೆ ಬಾರದು.

ನಮ್ಮ ಕಾಲದಲ್ಲಿ ಗುಮಾಸ್ತ ಪ್ರತಿಯೊಂದು ವೋಚರನ್ನೂ ತಟ್ಟೆಯಲ್ಲಿ ಇಟ್ಟು ಅಧಿಕಾರಿಯ ಮೇಜಿಗೆ ಕಳಿಸುತ್ತಿದ್ದ. ಅಧಿಕಾರಿ ನೋಡಿ, ಸರಿ ಇದ್ದರೆ ಬಿಡುತ್ತಿದ್ದರು, ತಪ್ಪಿದ್ದರೆ ಹಿಡಿಯುತ್ತಿದ್ದರು. ನಮ್ಮ ಮೈಯ ಒಂದೊಂದು ಜೀವಕೋಶವೂ ಹೀಗೇ ಮಾಡುತ್ತದೆ. ತನ್ನೊಳಗೆ ಏನೇನಿದೆಯೋ ಅದರ ಚೂರುಗಳನ್ನು ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಇಟ್ಟು ಹೊರಮೈ ಮೇಲೆ ತೋರಿಸುತ್ತದೆ. ಕಾವಲು ತಿರುಗುವ ಬಿಳಿ ರಕ್ತಕಣಗಳು ಅದನ್ನು ನೋಡುತ್ತಾ ಹೋಗುತ್ತವೆ. ಮನೆಯದೇ ಚೂರಾದರೆ ಸುಮ್ಮನಾಗುತ್ತವೆ, ವೈರಸ್‌ನದಾದರೆ ಮೇಲೆ ಬೀಳುತ್ತವೆ. ಈ ತಟ್ಟೆಗಳಿಗೆ ಎಚ್‌.ಎಲ್‌.ಎ. ಎಂದು ಹೆಸರು. ಅವುಗಳಲ್ಲಿ ಮೊದಲನೆಯದನ್ನು ಫ್ರಾನ್ಸಿನ ಜ್ಯಾನ್ ದೋಸೆ ಎಂಬುವರು 1958ರಲ್ಲಿ ಗುರುತಿಸಿದರು. ಹೆಸರು ನಮ್ಮ ತಿಂಡಿಯದೇ ಆದ್ದರಿಂದ ಮರೆಯುವಂತಿಲ್ಲ.

ತಟ್ಟೆಗಳ ಅಚ್ಚು ನಮ್ಮ ಆರನೆಯ ಜೋಡಿ ವರ್ಣತಂತುವಿನಲ್ಲಿದೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಲೋಕದಲ್ಲಿ ಈ ತಟ್ಟೆಗಳಲ್ಲಿ ಸಾವಿರಾರು ಬಗೆಗಳಿವೆ. ತಾಯಿಯ ಎರಡು ಸರಣಿಗಳಲ್ಲಿ ಒಂದು, ತಂದೆಯ ಎರಡರಲ್ಲಿ ಒಂದು ಮಗುವಿಗೆ ಸಿಗುವುದರಿಂದ, ಒಡಹುಟ್ಟಿದ ಇಬ್ಬರಿಗೆ ಎರಡೂ ಒಂದೇ ಆಗಿ ಬರುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಮೂತ್ರಪಿಂಡ ಕೊಡಲು ಅಣ್ಣತಮ್ಮಂದಿರು ಬಂದರೂ ಹೊಂದಿಕೆ ನೋಡುವುದು ಇದಕ್ಕೇ. ಆದ್ದರಿಂದ ಅಣ್ಣನ ತಟ್ಟೆ ಬೇರೆ, ನನ್ನ ತಟ್ಟೆ ಬೇರೆ ಆಗಿರಬಹುದು. ಯಾರ ತಟ್ಟೆಯಲ್ಲಿ ಈ ವೈರಸ್‌ನ ಚೂರು ಸರಿಯಾಗಿ ಕೂರುತ್ತದೋ ಅವರ ಕಾವಲುಗಾರರಿಗೆ ಕಳ್ಳ ಬೇಗ ಕಾಣುತ್ತಾನೆ. ಕೂರದಿದ್ದರೆ ವೋಚರು ಮೇಜಿನ ಕೆಳಗೆ ಬಿದ್ದ ಹಾಗೆ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಹೋದಾಗಲೇ ಅದರ ನೆನಪು.

ಇದು ಬರಿಯ ಊಹೆಯಲ್ಲ. 1995ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದ ಅಧ್ಯಯನವೊಂದು ಪ್ರಕಟವಾಯಿತು. ಅಲ್ಲಿ ಒಂದು ಬಗೆಯ ತಟ್ಟೆ ಇದ್ದವರಲ್ಲಿ ಬಿ ವೈರಸ್ ಬೇರೂರಿ ನಿಲ್ಲುವುದು ಕಡಿಮೆ ಎಂದು ಕಂಡಿತು. ಅದೇ ಬಗೆ ಅದೇ ದೇಶದಲ್ಲಿ ತೀವ್ರ ಮಲೇರಿಯಾದಿಂದಲೂ ಕಾಪಾಡುತ್ತದೆ ಎಂದು 1991ರಲ್ಲೇ ತಿಳಿದಿತ್ತು. 2009ರಲ್ಲಿ ಜಪಾನಿನ ವಿಜ್ಞಾನಿಗಳು ಜಪಾನ್ ಮತ್ತು ಥಾಯ್ಲೆಂಡಿನ ಜನರನ್ನು ಪರೀಕ್ಷಿಸಿ, ಎಚ್‌.ಎಲ್‌.ಎ. ಡಿಪಿ ಎಂಬ ತಟ್ಟೆಯ ವ್ಯತ್ಯಾಸಕ್ಕೂ ಬಿ ವೈರಸ್ ಉಳಿದುಬಿಡುವುದಕ್ಕೂ ಸಂಬಂಧ ತೋರಿಸಿದರು. 2013ರಲ್ಲಿ ಚೀನದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ವೈರಸ್ ಇದ್ದವರೊಳಗೇ ಯಾರಿಗೆ ಲಿವರ್ ಕ್ಯಾನ್ಸರ್ ಬರುತ್ತದೆ ಎಂಬುದರಲ್ಲೂ ಎಚ್‌.ಎಲ್‌.ಎ. ಡಿಕ್ಯು ಜಾಗದ ವ್ಯತ್ಯಾಸಕ್ಕೆ ಪಾಲಿದೆ ಎಂದು ಅದು ತೋರಿಸಿತು.

ಇಲ್ಲಿ ನಮ್ಮ ಕಡೆಯವರು ಕಿವಿಗೊಡಬೇಕಾದ ಒಂದು ಸಂಗತಿ ಇದೆ. ಅದೇ ಗ್ಯಾಂಬಿಯಾದಲ್ಲಿ, ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ, ಹೀಗೆ ಎರಡು ಬಗೆಯ ತಟ್ಟೆ ಇದ್ದವರು ವೈರಸ್ಸನ್ನು ಹೆಚ್ಚು ಚೆನ್ನಾಗಿ ಹೊರಹಾಕಿದರು ಎಂದು 1997ರಲ್ಲಿ ಪ್ರಕಟವಾಯಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು, ತೆಲುಗಿನವರ ಮೇನರಿಕಂ, ನಮ್ಮಲ್ಲಿ ಹಳೆಯ ರೂಢಿ. ಹಾಗೆ ಮದುವೆಯಾದವರ ಮಕ್ಕಳಿಗೆ ಎರಡು ಕಡೆಯಿಂದಲೂ ಒಂದೇ ತಟ್ಟೆ ಬರುವ ಸಂಭವ ಹೆಚ್ಚು. ಇದನ್ನು ಕೇಳಿ ಯಾರೂ ಆದ ಮದುವೆಯ ಬಗ್ಗೆ ಕೊರಗಬೇಡಿ. ನನ್ನದೂ ಅಂಥದೇ ಮದುವೆ, ಮಕ್ಕಳು ಗಟ್ಟಿಯಾಗಿದ್ದಾರೆ.

ಕ್ಯಾನ್ಸರ್ ತನಕ ಹೋಗುವುದು ಹೇಗೆ ಎಂದು ತಾವು ಕೇಳಬಹುದು. ಬಿ ವೈರಸ್ ತಾನಾಗಿ ಲಿವರಿನ ಕೋಶವನ್ನು ಕೊಲ್ಲುವುದು ಕಡಿಮೆ. ಕೊಲ್ಲುವುದು ನಮ್ಮ ಕಾವಲುಗಾರರೇ. ಪೂರ್ತಿ ಶಕ್ತಿಯಿಂದ ಒಮ್ಮೆ ಬಿದ್ದು ಮುಗಿಸಿದರೆ ನನ್ನ ಹಾಗೆ ಗುರುತು ಮಾತ್ರ ಉಳಿಯುತ್ತದೆ. ಅರೆಮನಸ್ಸಿನಿಂದ ಇಪ್ಪತ್ತು ಮೂವತ್ತು ವರ್ಷ ಹೊಡೆಯುತ್ತಲೇ ಇದ್ದರೆ, ಕೋಶಗಳು ಸಾಯುವುದು, ಹೊಸವು ಹುಟ್ಟುವುದು, ಮತ್ತೆ ಸಾಯುವುದು. ಗಾಯ ಒಣಗಿ ಗಂಟಾದ ಹಾಗೆ ಲಿವರ್ ಗಟ್ಟಿಯಾಗುತ್ತದೆ. ಅದಕ್ಕೆ ಸಿರೋಸಿಸ್ ಎನ್ನುತ್ತಾರೆ. ಸಾವಿರ ಸಲ ನಕಲು ಮಾಡುವಾಗ ಒಂದು ಸಲ ತಪ್ಪು ಬರೆಯುವುದು ಯಾವ ಗುಮಾಸ್ತನಿಗೂ ತಪ್ಪಿದ್ದಲ್ಲ. ಆ ತಪ್ಪು ನಕಲೇ ಮುಂದೆ ಕ್ಯಾನ್ಸರ್ ಆಗಬಹುದು. ಅಲ್ಲದೆ ಈ ವೈರಸ್ ತನ್ನ ಬರಹದ ತುಂಡನ್ನು ನಮ್ಮ ಕೋಶದ ಬರಹದೊಳಗೇ ತೂರಿಸುತ್ತದೆ. ಆದ್ದರಿಂದ ಲಿವರ್ ಗಟ್ಟಿಯಾಗದೆಯೂ ಕ್ಯಾನ್ಸರ್ ಬರುವುದುಂಟು. ಕೆಟ್ಟ ಕೋಶ 'ನಾನು ಕೆಟ್ಟಿದ್ದೇನೆ' ಎಂದು ತನ್ನ ಮೈ ಮೇಲೆ ಒಂದು ಕೆಂಪು ಬಾವುಟ ಏರಿಸುವ ಏರ್ಪಾಡೂ ನಮ್ಮಲ್ಲಿದೆ. ಅದರ ಒಂದು ವಂಶವಾಹಿಯ ಹೆಸರು ಎಂ.ಐ.ಸಿ.ಎ. ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಸ್ ಇದ್ದವರಲ್ಲಿ ಈ ಬಾವುಟದ ವಂಶವಾಹಿಯ ವ್ಯತ್ಯಾಸಕ್ಕೂ ಲಿವರ್ ಕ್ಯಾನ್ಸರಿಗೂ ನಂಟಿದೆ ಎಂದು ಜಪಾನಿನಲ್ಲಿ 2011ರಲ್ಲಿ ಕಂಡುಕೊಂಡರು.

ಈಗ ಲೆಕ್ಕಕ್ಕೆ ಬರುತ್ತೇನೆ. ಹುಟ್ಟಿನಿಂದ ಬಂದ ಈ ವ್ಯತ್ಯಾಸಗಳು ಅಪಾಯವನ್ನು ಎಷ್ಟು ಏರಿಸುತ್ತವೆ, ಇಳಿಸುತ್ತವೆ? ಒಂದೂಕಾಲು ಪಟ್ಟು, ಒಂದೂವರೆ ಪಟ್ಟು. ನಾನು ಹೇಳಿದ ಜಪಾನ್, ಚೀನದ ಲೆಕ್ಕಗಳಲ್ಲಿ ಒಂದೊಂದೂ ಎರಡು ಪಟ್ಟಿನ ಒಳಗೇ. ಇನ್ನು ವೈರಸ್‌ನ ಲೆಕ್ಕ ಕೇಳಿ. ತೈವಾನ್ ದೇಶದಲ್ಲಿ ಬೀಸ್ಲಿ ಎಂಬ ಅಮೆರಿಕದ ವೈದ್ಯರು 22,707 ಗಂಡಸರ ರಕ್ತ ಪರೀಕ್ಷಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿದರು. ಅವರೆಲ್ಲ ನನ್ನ ಹಾಗೆ ಗುಮಾಸ್ತಗಿರಿ ಮೊದಲಾದ ಸರ್ಕಾರಿ ಕೆಲಸದವರು. ಸರ್ಕಾರದ ವಿಮೆ ಇದ್ದುದರಿಂದ ಯಾರು, ಯಾವುದರಿಂದ ಸತ್ತರು ಎಂಬುದು ದಾಖಲೆಯಲ್ಲಿ ತಪ್ಪದೆ ಸಿಕ್ಕಿತು. ಅವರಲ್ಲಿ 3,454 ಮಂದಿಯ ರಕ್ತದಲ್ಲಿ ಬಿ ವೈರಸ್ ಇತ್ತು. 1981ರಲ್ಲಿ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ಲಿವರ್ ಕ್ಯಾನ್ಸರ್ 41 ಮಂದಿಗೆ ಬಂದಿತ್ತು. ಆ 41ರಲ್ಲಿ 40 ಮಂದಿ ವೈರಸ್ ಇದ್ದವರು. ಅಪಾಯ 223 ಪಟ್ಟು!

ವಂಶವಾಹಿಯದು ಚಿಲ್ಲರೆ ಕಾಸು, ವೈರಸ್‌ನದು ನೋಟಿನ ಕಟ್ಟು. ನಮ್ಮ ತಮ್ಮ ಚಿಲ್ಲರೆಯನ್ನು ಎಣಿಸುತ್ತಾ ಕಟ್ಟನ್ನು ಮರೆತಿದ್ದ. ತಟ್ಟೆಯನ್ನು ಬದಲಾಯಿಸಲು ಆಗುವುದಿಲ್ಲ. ವೈರಸ್ ಬಾರದ ಹಾಗೆ ತಡೆಯಬಹುದು, ಬಂದಿದ್ದರೆ ಅದರ ಕೈ ಕಟ್ಟಬಹುದು.

ನನ್ನ ಹಳೆಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ, ಅದು ವಯಸ್ಸು. ವೈರಸ್ ಹೆಚ್ಚಾಗಿರುವ ತಾಯಿಯಿಂದ ಹುಟ್ಟುವಾಗಲೇ ಅಂಟಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ನಿಂತುಬಿಡುತ್ತದೆ. ದೊಡ್ಡವರಾದ ಮೇಲೆ ಅಂಟಿದರೆ ನೂರಕ್ಕೆ ಐದು ಮಂದಿಯಲ್ಲೂ ನಿಲ್ಲುವುದಿಲ್ಲ. ನನಗೆ ಅಮ್ಮನಿಂದ ಬಾರದೆ, ಬೆಳೆದ ಮೇಲೆ ಬಂದಿರಬಹುದು. ಆ ಕಾಲದಲ್ಲಿ ಚುಚ್ಚುಮದ್ದು ಕೊಡುವವರು ಗಾಜಿನ ಸಿರಿಂಜಿನ ಒಂದೇ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ಸಾಲಾಗಿ ಹತ್ತು ಮಂದಿಗೆ ಚುಚ್ಚುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತಿದ್ದೇನೆ. ಕ್ಷೌರದ ಕತ್ತಿ, ಹಚ್ಚೆಯ ಸೂಜಿ, ಕಿವಿ ಚುಚ್ಚುವ ಸೂಜಿ, ಎಲ್ಲವೂ ದಾರಿಯೇ. ನನ್ನನ್ನು ಉಳಿಸಿದ್ದು ತಟ್ಟೆಯೋ ವಯಸ್ಸೋ, ಯಾವ ಪರೀಕ್ಷೆಯೂ ಈಗ ಬಿಡಿಸಿ ಹೇಳಲಾರದು. ಅಮ್ಮನ ಮೈಯಲ್ಲಿ ವೈರಸ್ ಜೀವಮಾನವಿಡೀ ಇದ್ದರೂ ಲಿವರಿನ ತೊಂದರೆ ಇಲ್ಲದೆ 2004ರಲ್ಲಿ ವಯಸ್ಸಾಗಿ ಹೋದಳು. ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ತಬ್ಬಿಕೊಂಡರೆ ಇದು ಅಂಟುವುದಿಲ್ಲ. ಇದನ್ನು ಎರಡು ಸಲ ಹೇಳಬೇಕು, ಏಕೆಂದರೆ ಅಣ್ಣನ ಹೆಂಡತಿಗೆ ಕೆಲವು ಮನೆಗಳಲ್ಲಿ ಬೇರೆ ಲೋಟ ಇಟ್ಟಿದ್ದರು. ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ.

ಅಮ್ಮ ನಮಗೆಲ್ಲ ಕಾಮಾಲೆ ಬಂದಾಗ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದಳು. ತೆಲುಗಿನಲ್ಲಿ ನೇಲ ಉಸಿರಿ, ತಮಿಳಿನಲ್ಲಿ ಕೀಳಾನೆಲ್ಲಿ, ಮರಾಠಿಯಲ್ಲಿ ಭುಯಿ ಆವಳಾ. ಗಡಿಯ ಎರಡು ಕಡೆಯೂ ನಂಬಿಕೆ ಒಂದೇ. ಇದನ್ನು ಹಗುರವಾಗಿ ಕಾಣಬೇಡಿ. 1988ರಲ್ಲಿ ಮದ್ರಾಸಿನ ಎಸ್‌.ಪಿ. ತ್ಯಾಗರಾಜನ್ ಅವರು, ನಾನು ಹೇಳಿದ ಅದೇ ಬ್ಲೂಂಬರ್ಗ್ ಜೊತೆಗೂಡಿ, ಬಿ ವೈರಸ್ ಇದ್ದವರಿಗೆ ಮೂವತ್ತು ದಿನ ಈ ಗಿಡದ ಪುಡಿ ಕೊಟ್ಟು ನೋಡಿದರು. ಗಿಡ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಹೋಯಿತು, ಬರಿಯ ಪುಡಿ ತಿಂದ 23 ಮಂದಿಯಲ್ಲಿ ಒಬ್ಬನಿಗೆ ಮಾತ್ರ. ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾದಾಗ ಲೋಕವೆಲ್ಲ ನೋಡಿತು. ಆದರೆ ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ, ಹೆಸರು ಮಾತ್ರ ಗಿಡಕ್ಕೆ ಬರುತ್ತದೆ. ನೆಲನೆಲ್ಲಿ ಕುಡಿದು, ಕಣ್ಣಿನ ಹಳದಿ ಹೋಯಿತಲ್ಲ ಎಂದು ರಕ್ತ ಪರೀಕ್ಷೆ ಬಿಡಬೇಡಿ. ನಾನು ಹೇಳುವುದು ಇಷ್ಟೇ.

ತಂಗಿಯನ್ನು ಪಾವಗಡದ ಕಡೆಗೆ ಕೊಟ್ಟಿದ್ದೆವು. ಅವಳ ಮಗಳು ಬೆಳೆದು ಮದುವೆಗೆ ಬಂದಾಗ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಹೇಳುವುದೋ, ಮುಚ್ಚುವುದೋ? ನಾನು ಹೇಳೋಣ ಎಂದೆ. ಮೊದಲು ಬಂದ ಸಂಬಂಧ ಆ ಮಾತು ಕೇಳಿದ ವಾರದಲ್ಲೇ ಮುರಿಯಿತು. ತಂಗಿ ನನ್ನೊಡನೆ ಆರು ತಿಂಗಳು ಮಾತು ಬಿಟ್ಟಳು. ಎರಡನೆಯ ಹುಡುಗ, "ಅದಕ್ಕೆ ಲಸಿಕೆ ಇದೆಯಂತಲ್ಲ ಮಾವ?" ಎಂದು ತಾನೇ ಹೋಗಿ ಆರು ತಿಂಗಳಲ್ಲಿ ಮೂರು ಸಲ ಚುಚ್ಚಿಸಿಕೊಂಡು, ರಕ್ತದಲ್ಲಿ ಪ್ರತಿಕಾಯ ಬಂದಿದೆ ಎಂದು ಪರೀಕ್ಷೆ ಮಾಡಿಸಿ, ಆಮೇಲೆ ತಾಳಿ ಕಟ್ಟಿದ. ದೊಡ್ಡವರಲ್ಲಿ ಕೆಲವರಿಗೆ ಮೂರು ಚುಚ್ಚಿದರೂ ಪ್ರತಿಕಾಯ ಬರುವುದಿಲ್ಲ. ಅದಕ್ಕೂ ಒಂದು ಕಾರಣ ಇದೇ ತಟ್ಟೆಗಳ ಬಗೆ. ಅಂಥವರಿಗೆ ಮತ್ತೊಂದು ಸುತ್ತು ಕೊಡುತ್ತಾರೆ.

2013ರಲ್ಲಿ ಅವಳು ಬಸುರಿಯಾದಳು. ವೈರಸ್ ಇರುವ ತಾಯಿಯ ಮಗುವಿಗೆ ಹುಟ್ಟಿದ ಹನ್ನೆರಡು ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೊಡಬೇಕು. ಲಸಿಕೆ ಆಸ್ಪತ್ರೆಯಲ್ಲಿತ್ತು. ಇಮ್ಯುನೊಗ್ಲಾಬ್ಯುಲಿನ್ ಎಂಬ ಆ ಇನ್ನೊಂದು ಇರಲಿಲ್ಲ. ನಾನು ರಜೆ ಹಾಕಿ ಬೆಂಗಳೂರಿಗೆ ಹೋಗಿ ಕೊಂಡು, ಕಾಫಿ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಂಜುಗಡ್ಡೆಗೆ ನೇರ ತಾಗದ ಹಾಗೆ ಇಟ್ಟು ಬಸ್ ಹತ್ತಿದೆ. ಅಂಗಡಿಯವನು, ತಣ್ಣಗಿರಬೇಕು, ಹೆಪ್ಪುಗಟ್ಟಬಾರದು ಎಂದಿದ್ದ. ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಬೇಸಿಗೆಯ ಬಿಸಿಲು. ಕಂಡಕ್ಟರ್ ತೆಲುಗಿನವರು, ವಿಷಯ ತಿಳಿದು ಪಕ್ಕದ ಸೋಡಾ ಅಂಗಡಿಯಿಂದ ಐಸ್ ತಂದುಕೊಟ್ಟರು, ಕಾಸು ಮುಟ್ಟಲಿಲ್ಲ. ಹೆರಿಗೆಗೆ ಐದು ದಿನ ಮುಂಚೆ ಸೀಸೆ ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು. ಗಂಡು ಮಗು, ಬೆಳಗಿನ ಜಾವ ಹುಟ್ಟಿತು, ಒಂದು ಗಂಟೆಯೊಳಗೆ ಎರಡೂ ಚುಚ್ಚಿದರು. ವರ್ಷ ತುಂಬಿದ ಮೇಲೆ ರಕ್ತ ಪರೀಕ್ಷೆ ಮಾಡಿದಾಗ ವೈರಸ್ ಇರಲಿಲ್ಲ, ಪ್ರತಿಕಾಯ ತುಂಬಾ ಇತ್ತು. ನಮ್ಮ ಅಮ್ಮನಿಂದ ತಂಗಿಗೆ, ತಂಗಿಯಿಂದ ಮಗಳಿಗೆ ಬಂದದ್ದು ಆ ಹುಡುಗನ ಹತ್ತಿರ ನಿಂತಿತು. ತಟ್ಟೆ ಮಾತ್ರ ಅವನಿಗೂ ನಮ್ಮ ಮನೆಯದೇ ಬಂದಿದೆ.

ತೈವಾನಿನವರು 1984ರಲ್ಲೇ ವೈರಸ್ ಇರುವ ತಾಯಂದಿರ ಮಕ್ಕಳಿಗೆ, 1986ರಿಂದ ಎಲ್ಲ ಶಿಶುಗಳಿಗೂ ಲಸಿಕೆ ಹಾಕತೊಡಗಿದರು. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ವರ್ಷಕ್ಕೆ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿಯಿತು. ಜನರ ವಂಶವಾಹಿ ಹತ್ತು ವರ್ಷದಲ್ಲಿ ಬದಲಾಗಲಿಲ್ಲವಷ್ಟೆ! ಆ ಲೆಕ್ಕ ಪ್ರಕಟವಾದದ್ದು 1997ರಲ್ಲಿ, ನಮ್ಮಣ್ಣ ಸತ್ತ ವರ್ಷ. ಅದೇ ವರ್ಷ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮ ದೇಶದಲ್ಲೇ ಈ ಲಸಿಕೆ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು, ಬೆಲೆಯೂ ಇಳಿಯಿತು. ಸರ್ಕಾರ 2002ರಲ್ಲಿ ಕೆಲವು ಊರುಗಳಲ್ಲಿ ಶುರು ಮಾಡಿ, 2011ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿಸಿತು. ಐದು ರೋಗಕ್ಕೆ ಒಂದೇ ಸೂಜಿ ಎಂಬ ಪೆಂಟಾವೇಲೆಂಟ್ ಲಸಿಕೆ 2011ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ಕೇರಳಕ್ಕೆ ಮತ್ತು ತಮಿಳುನಾಡಿಗೆ. ಕಾಸರಗೋಡು, ತಾಳವಾಡಿಯ ಕಡೆಯವರು ಈ ಮಟ್ಟಿಗೆ ಆಗ ನಮಗಿಂತ ಮುಂದಿದ್ದರು. ಹೆರಿಗೆ ಯಾವ ರಾಜ್ಯದಲ್ಲೇ ಆಗಲಿ, ಇಪ್ಪತ್ತನಾಲ್ಕು ಗಂಟೆಯೊಳಗಿನ ಮೊದಲ ಚುಚ್ಚನ್ನು ಕೇಳಿ ಹಾಕಿಸಿ. ತವರಿನ ರಾಜ್ಯ ಬೇರೆ, ಗಂಡನ ಮನೆಯ ರಾಜ್ಯ ಬೇರೆ ಆದಾಗ ಕಾರ್ಡು ಅಲ್ಲಿ, ಮಗು ಇಲ್ಲಿ ಆಗಿ ಇದು ತಪ್ಪಿಹೋಗುವುದನ್ನು ನಾನು ಕಂಡಿದ್ದೇನೆ.

ಕಡಲೆಕಾಯಿಯವರಿಗೆ ಒಂದು ಮಾತು. ಮಳೆಗೆ ಸಿಕ್ಕಿ ಹಸಿರು ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಬಿ ವೈರಸ್ ಇದ್ದವರಿಗೆ ಅದು ಸೇರಿದರೆ ಲಿವರ್ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ. ಒಳ್ಳೆಯದನ್ನು ಮಂಡಿಗೆ ಹಾಕಿ, ಬೂಷ್ಟು ಹಿಡಿದದ್ದನ್ನು ಮನೆಯ ಚಟ್ನಿಗೆ ಇಟ್ಟುಕೊಳ್ಳುವ ಉಳಿತಾಯ ಬೇಡ.

ಇನ್ನು ತಮ್ಮನ ವಿಷಯ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಪುಕ್ಕಟೆ. ಸಿ ವೈರಸ್ ಹೆಚ್ಚಿನವರಲ್ಲಿ ಮೂರು ತಿಂಗಳ ಮಾತ್ರೆಯಿಂದ ಪೂರ್ತಿ ವಾಸಿಯೇ ಆಗುತ್ತದೆ. 2019ರಲ್ಲಿ ನಾನು ತಮ್ಮನ ಮನೆಗೆ ಹೋಗಿ, ಇಷ್ಟು ಹೊತ್ತು ತಮಗೆ ಹೇಳಿದ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಈ ಕಡೆ ಒಂದೂವರೆ ಪಟ್ಟು, ಆ ಕಡೆ 223. ಅವನು ಬಹಳ ಹೊತ್ತು ನೋಡಿದ. "ಇಪ್ಪತ್ತೆರಡು ವರ್ಷ ಅಣ್ಣಾ, ರಾತ್ರಿ ಪಕ್ಕೆ ಮುಟ್ಟಿ ಮುಟ್ಟಿ ನೋಡ್ಕೊಂಡೇ ಮಲಗಿದೀನಿ" ಎಂದ. ಧೈರ್ಯಸ್ಥ ಎಂದುಕೊಂಡಿದ್ದೆ ನಾನು ಅವನನ್ನು.

ಪರೀಕ್ಷೆಯಲ್ಲಿ ವೈರಸ್ ಇತ್ತು. ಲಿವರ್ ಗಟ್ಟಿಯಾಗಲು ಶುರುವಾಗಿತ್ತು, ಕ್ಯಾನ್ಸರ್ ಇರಲಿಲ್ಲ. ಹೆಂಡತಿಗೆ ಅಂಟಿರಲಿಲ್ಲ, ಅವಳಿಗೂ ಮಕ್ಕಳಿಗೂ ಲಸಿಕೆ ಹಾಕಿಸಿದೆವು. ಅವನು ದಿನಕ್ಕೊಂದು ಟೆನೊಫೊವಿರ್ ಮಾತ್ರೆ ನುಂಗುತ್ತಾನೆ. ಅದು ವೈರಸ್ಸನ್ನು ಅಳಿಸುವುದಿಲ್ಲ, ಬೆಳೆಯದ ಹಾಗೆ ತಡೆಯುತ್ತದೆ, ಕ್ಯಾನ್ಸರಿನ ಅಪಾಯ ಇಳಿಸುತ್ತದೆ. ತಾವಾಗಿ ನಿಲ್ಲಿಸಬಾರದ ಮಾತ್ರೆ ಅದು. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್. ಗಂಟು ಚಿಕ್ಕದಿರುವಾಗ ಸಿಕ್ಕರೆ ತೆಗೆಯಬಹುದು, ಅಣ್ಣನಿಗೆ ಸಿಗದ ಅವಕಾಶ ಅದು. ನನಗೂ ಒಂದು ಎಚ್ಚರಿಕೆ ಇದೆ. ಬಂದು ಹೋದವರ ಲಿವರಿನಲ್ಲೂ ವೈರಸ್‌ನ ಬೀಜ ಅಡಗಿರಬಹುದಾದ್ದರಿಂದ, ಮುಂದೆ ಯಾವ ಕಾಯಿಲೆಗಾದರೂ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡುವಾಗ ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ಕ್ಯಾನಿನ ದಿನ ನಾವಿಬ್ಬರೂ ಮೊದಲ ಬಸ್ಸಿಗೆ ಹೊರಡುತ್ತೇವೆ. ಹೊಟ್ಟೆ ಖಾಲಿ ಇರಬೇಕು ಎಂದು ಅವನು ಕಾಫಿ ಕುಡಿಯುವುದಿಲ್ಲ, ಜೊತೆಗೆ ನಾನೂ ಕುಡಿಯುವುದಿಲ್ಲ. ಹೋದ ಸಲವೂ ಸ್ಕ್ಯಾನ್ ಮಾಡಿದವರು ಏನೂ ಇಲ್ಲ ಎಂದು ಮುಂದಿನ ತಾರೀಖು ಬರೆದು ಕೊಟ್ಟರು. ಆ ಚೀಟಿ ನನ್ನ ಪಾಸ್‌ಬುಕ್ಕಿನೊಳಗಿದೆ. ಅವನ ಹತ್ತಿರ ಬಿಟ್ಟರೆ ಕಳೆದುಹಾಕುತ್ತಾನೆ.